ಬ್ರೇಕ್ ಮೇಷ್ಟ್ರ ಬಲಗಾಲು

"ಡ್ರಮ್ ಬಾರಿಸೋದು ಅಂದ್ರೆ ಏನು ಮಹಾ? ಎರಡು ಕೈ, ಎರಡು ಕಾಲು, ಒಂದು ಸ್ಟೂಲು. ಒಂದು ತಿಂಗಳು ಟೈಮ್ ಕೊಡು. ನಿಮ್ಮ ಆಫೀಸಿನ ಗೋಡೆ ಬಿರುಕು ಬಿಡಬೇಕು, ಹಾಗೆ ಬಾರಿಸ್ತೀನಿ!"

ಊಟದ ಮೇಜಿನ ಮುಂದೆ ಕೂತು, ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಬ್ರೇಕ್ ಮೇಷ್ಟ್ರು ಈ ಭೀಷ್ಮಪ್ರತಿಜ್ಞೆ ಮಾಡಿದರು. ಮಾಡಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಮಾತಿಗೆ ಪುರಾವೆ ಬೇಕಲ್ಲ ಎಂದು ಸೌಟಿನಿಂದ ಪಾತ್ರೆಯ ಮುಚ್ಚಳಕ್ಕೆ ಒಂದು ಏಟು ಹಾಕಿದರು. ಮುಚ್ಚಳ ಹಾರಿ ಎದುರಿಗೆ ಕೂತಿದ್ದ ಅತ್ತೆಯ ಮಡಿಲಿಗೆ ಬಿತ್ತು. ಅತ್ತೆ ಅದನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟು, ನನ್ನ ತಲೆನೋವಿನ ಮಾತ್ರೆ ಇನ್ನೊಂದು ಡಬ್ಬಿ ತರಿಸಿಡಮ್ಮ ಎಂದು ಮಗಳಿಗೆ ಹೇಳಿ ಊಟ ಮುಂದುವರಿಸಿದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಕಲಿಯಲು ಬಂದವರು ಸ್ಟೇರಿಂಗ್ ಹಿಡಿದು, ದೇವರ ಮೇಲೆ ಭಾರ ಹಾಕಿ ಹೊರಟರೆ, ದೇವರ ಪರವಾಗಿ ಪಕ್ಕದ ಸೀಟಿನಲ್ಲಿ ಕೂರುವವರು ಇವರೇ. ಇವರ ಕಾಲ ಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಆಕ್ಸಿಲರೇಟರ್ ಮಾತ್ರ ಇರುವುದಿಲ್ಲ. ಅಂದರೆ ನೋಡಿ, ಈ ಮಹಾನುಭಾವರು ಕೆಲಸಕ್ಕೆ ಸೇರಿದ ಲಾಗಾಯ್ತು ಯಾವ ಗಾಡಿಯನ್ನೂ ಮುಂದಕ್ಕೆ ಓಡಿಸಿದವರಲ್ಲ, ಬೇರೆಯವರು ಓಡಿಸಿದ್ದನ್ನು ನಿಲ್ಲಿಸಿದವರು! ಆ ವಿದ್ಯೆಯಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಅಡ್ಡ ಬಂದದ್ದು ನಾಯಿಯೋ ಸೈಕಲ್ಲೋ ಹಾಲಿನ ವ್ಯಾನೋ ಎಂದು ಅವರ ತಲೆಗೆ ಹೊಳೆಯುವ ಮೊದಲೇ ಬಲಗಾಲಿಗೆ ಗೊತ್ತಾಗಿ, ಕಾರು ಗಕ್ಕನೆ ನಿಂತಿರುತ್ತಿತ್ತು. ಆ ಕಾಲಿನ ದೆಸೆಯಿಂದ ಜೀವ ಉಳಿಸಿಕೊಂಡವರು ಊರಲ್ಲಿ ಬೇಕಾದಷ್ಟು ಜನ. ಹಣೆ ಊದಿಸಿಕೊಂಡವರೂ ಅಷ್ಟೇ ಜನ.

ಮನೆಯಲ್ಲೂ ಅವರದು ಅದೇ ಸೀಟು. ಕಿಟಕಿಗೆ ಹೊಸ ಪರದೆ ತರೋಣವೇ ಎಂದರೆ 'ನಿಧಾನ, ನಿಧಾನ'. ರಜೆಗೆ ಎಲ್ಲಾದರೂ ಹೋಗಿಬರೋಣವೇ ಎಂದರೆ 'ಆತುರ ಬೇಡ, ಹಿಂದೆ ಮುಂದೆ ನೋಡೋಣ'. ಹಾಗೆ ಹಿಂದೆ ಮುಂದೆ ನೋಡುತ್ತ ಎಷ್ಟೋ ರಜೆಗಳು ಕಳೆದುಹೋಗಿದ್ದವು. ಇಂಥ ಮನುಷ್ಯ ಇದ್ದಕ್ಕಿದ್ದ ಹಾಗೆ ಡ್ರಮ್ ಬಾರಿಸುತ್ತೇನೆ ಎಂದು ಹೊರಡಲು ಕಾರಣವಿತ್ತು.

ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುವವಳು. ಊರಿನ ಬೈಗುಳವೆಲ್ಲ ಬೆಳಗಿನಿಂದ ಸಂಜೆಯವರೆಗೆ ಆಕೆಯ ಕಿವಿಯ ಮೂಲಕವೇ ಹಾದುಹೋಗಬೇಕು. ನಲ್ಲಿಯಲ್ಲಿ ನೀರು ಬಾರದಿದ್ದರೂ ಆಕೆಯದೇ ತಪ್ಪು, ಪೈಪು ಒಡೆದು ಬೇಡವೆಂದರೂ ಬಂದರೆ ಅದೂ ಆಕೆಯದೇ ತಪ್ಪು. ಎಲ್ಲರಿಗೂ 'ಸ್ವಲ್ಪ ತಡೀರಿ ಸರ್, ಸ್ವಲ್ಪ ತಡೀರಿ ಮೇಡಂ' ಎನ್ನುವುದೇ ಆಕೆಯ ಉದ್ಯೋಗ. ಆ ಗಂಟಲಿನಲ್ಲಿ ಹಾಡೂ ಇದೆ ಎಂಬುದು ಕಚೇರಿಯವರಿಗೆ ಗೊತ್ತಿರಲಿಲ್ಲ. ಪ್ರತಿ ವಾರ್ಷಿಕೋತ್ಸವದಲ್ಲೂ ಆಕೆ ಸಮೂಹಗಾನದ ಕೊನೆಯ ಸಾಲಿನಲ್ಲಿ, ಉಗ್ರಾಣದ ದಪ್ಪ ಅಧಿಕಾರಿಯ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಮುಂದಿನವರಿಗೆ ಕಾಣುತ್ತಿದ್ದದ್ದು ಆಕೆಯ ಬೈತಲೆ ಮಾತ್ರ.

ಈ ವರ್ಷ ಒಂದು ಪವಾಡ ನಡೆಯಿತು. ದೂರು ಹೇಳಲು ಫೋನ್ ಮಾಡಿದವರೊಬ್ಬರನ್ನು ಆಕೆ 'ಸ್ವಲ್ಪ ತಡೀರಿ ಸರ್' ಎಂದು ತಡೆದು ನಿಲ್ಲಿಸಿ, ಫೈಲು ಹುಡುಕುತ್ತ ತನ್ನಷ್ಟಕ್ಕೆ ತಾನೇ ಒಂದು ಹಾಡು ಹೇಳಿಕೊಂಡಳು. ಫೋನಿನ ಧ್ವನಿ ತಡೆಯುವ ಗುಂಡಿ ಒತ್ತುವುದು ಮರೆತಿತ್ತು. ಹಾಡು ಪೂರ್ತಿ ಆ ಕಡೆಗೆ ಕೇಳಿಸಿತು. ಆ ಕಡೆ ಇದ್ದವರು ಬೇರೆ ಯಾರೂ ಅಲ್ಲ, ಕಚೇರಿಯ ಮುಖ್ಯ ಇಂಜಿನಿಯರೇ! ಸಾಹೇಬರ ಸ್ವಂತ ಮನೆಗೇ ನೀರು ಬಂದಿರಲಿಲ್ಲ. ಹಾಡು ಕೇಳಿದ ಮೇಲೆ ಅವರಿಗೆ ನೀರಿನ ವಿಷಯವೇ ಮರೆತುಹೋಯಿತಂತೆ. ಮರುದಿನ ಅಪ್ಪಣೆಯಾಯಿತು: ಈ ಸಲ ಈಕೆ ಒಬ್ಬಳೇ ಹಾಡಬೇಕು.

ಆಕೆ ಆರಿಸಿದ್ದು ಸುಮ್ಮನೆ ಹಾಡಲ್ಲ. ನಿಧಾನವಾಗಿ ಶುರುವಾಗಿ, ಮೊದಲ ಚರಣದಲ್ಲಿ ನಡೆದು, ಎರಡನೇ ಚರಣದಲ್ಲಿ ಓಟ ಕಿತ್ತು, ಕೊನೆಗೆ ಮೇಲಿನ ಸ್ವರದಲ್ಲಿ ಹೋಗಿ ನಿಲ್ಲುವ ಹಾಡು. ಅದಕ್ಕೆ ಡ್ರಮ್ ಬೇಕೇ ಬೇಕು. ಕಚೇರಿಯಲ್ಲಿ ಡ್ರಮ್ ಬಾರಿಸುವವನು ಒಬ್ಬನೇ, ಮನೆಮನೆಗೆ ಹೋಗಿ ಮೀಟರ್ ಓದುವವನು. ಅವನಿಗೆ ಒಂದು ಮನೆಯ ಗೇಟಿನಲ್ಲಿ ನಾಯಿ ಕಚ್ಚಿತು. ಕಚ್ಚಿದ್ದು ಸರಿಯಾಗಿ ಪೆಡಲ್ ಒತ್ತುವ ಕಾಲಿಗೇ. ಡ್ರಮ್ ಇಲ್ಲದಿದ್ದರೆ ಆ ಹಾಡು ಬೇಡ, ಈ ವರ್ಷವೂ ಎಲ್ಲರೂ ಸೇರಿ ಹಾಡಿಬಿಡಲಿ ಎಂದು ಸಾಂಸ್ಕೃತಿಕ ಸಮಿತಿಯವರು ಗೊಣಗತೊಡಗಿದರು. ಅಂದರೆ ಮತ್ತೆ ಉಗ್ರಾಣದ ಅಧಿಕಾರಿಯ ಬೆನ್ನು! ಆ ಸಂಜೆ ಆಕೆ ಊಟಕ್ಕೆ ಕೂತು ಅನ್ನವನ್ನು ಸುಮ್ಮನೆ ಕಲಸುತ್ತಿದ್ದಳು. ಅದನ್ನು ನೋಡಿ ಮೇಷ್ಟ್ರಿಗೆ ಕರುಳು ಚುರುಕ್ ಎಂದಿತು. ಆಗಲೇ ಅವರು ಸೌಟು ಕೈಗೆತ್ತಿಕೊಂಡದ್ದು.

ಹೆಂಡತಿಗೆ ಕುಣಿದಾಡುವಷ್ಟು ಸಂತೋಷವೇನೂ ಆಗಲಿಲ್ಲ. ಗಂಡನ ತಾಳಜ್ಞಾನ ಎಷ್ಟೆಂದು ಆಕೆಗೆ ಗೊತ್ತು. ಬೇರೆ ದಾರಿ ಇದೆಯೇ ಎಂದು ಕಚೇರಿಯಲ್ಲಿ ಎಲ್ಲರನ್ನೂ ವಿಚಾರಿಸಿದಳು. ಒಬ್ಬ ಗುಮಾಸ್ತ ಮೇಜು ಚೆನ್ನಾಗಿ ಕುಟ್ಟುತ್ತಿದ್ದ, ಆದರೆ ಅವನಿಗೆ ಮೇಜು ಬಿಟ್ಟು ಬೇರೇನೂ ಕುಟ್ಟಲು ಬರುತ್ತಿರಲಿಲ್ಲ. ಕೊನೆಗೆ ಬೇರೆ ಗತಿಯಿಲ್ಲದೆ ಒಪ್ಪಿಕೊಂಡಳು.

ಮೀಟರಿನವನು ತನ್ನ ಡ್ರಮ್ ಸೆಟ್ಟನ್ನು ಮೇಷ್ಟ್ರ ಮನೆಗೆ ಸಾಗಿಸಿದ. ಜೊತೆಗೆ ಬ್ಯಾಂಡೇಜ್ ಕಾಲನ್ನೂ ಸಾಗಿಸಿಕೊಂಡು ಬಂದ. ಹಾಲ್‌ನಲ್ಲಿದ್ದ ಸೋಫಾ ಬಾಲ್ಕನಿಗೆ ಹೋಯಿತು. ಅತ್ತೆಯ ಟಿವಿ ಇದ್ದಲ್ಲೇ ಇತ್ತು, ಅದರ ಧ್ವನಿ ಮಾತ್ರ ಅಂದಿನಿಂದ ಯಾರಿಗೂ ಕೇಳಿಸಲಿಲ್ಲ. ಅಡುಗೆಮನೆಯ ಶೆಲ್ಫಿನಲ್ಲಿ ಲೋಟಗಳು ತಾವಾಗಿಯೇ ನಡೆದು ಅಂಚಿಗೆ ಬಂದು ನಿಲ್ಲತೊಡಗಿದವು. ಕೆಳಗಿನ ಮನೆಯವರು ಒಂದು ದಿನ ಬಾಗಿಲಿಗೆ ಬಂದು, ಮನೆಯಲ್ಲಿ ಏನಾದರೂ ಒಡೆಸುತ್ತಿದ್ದೀರಾ, ಎಷ್ಟು ದಿನದ ಕೆಲಸ ಎಂದು ಬಹಳ ಮರ್ಯಾದೆಯಿಂದ ಕೇಳಿ ಹೋದರು.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುವ ಹಾಗೆ ಮೇಷ್ಟ್ರು ಬೆವರು ಸುರಿಸಿ ಬಾರಿಸಿದರು. ಹೇಳಬೇಕೆಂದರೆ ಕೈಗಳು ಬೇಗನೆ ದಾರಿಗೆ ಬಂದವು. ತಕರಾರು ತೆಗೆದದ್ದು ಕಾಲು. ದೊಡ್ಡ ಡ್ರಮ್ಮಿನ ಬುಡದಲ್ಲಿ ಒಂದು ಪೆಡಲ್ ಇರುತ್ತದೆ. ಒತ್ತಿದರೆ ಒಂದು ಸುತ್ತಿಗೆ ಹೋಗಿ 'ದುಮ್' ಎಂದು ಬಡಿಯುತ್ತದೆ, ಬಿಟ್ಟರೆ ವಾಪಸು ಬರುತ್ತದೆ. ಆ ಪೆಡಲ್ ಕಂಡದ್ದೇ ತಡ, ಮೇಷ್ಟ್ರ ಬಲಗಾಲು ತವರಿಗೆ ಬಂದ ಮಗಳ ಹಾಗೆ ಹೋಗಿ ಅದರ ಮೇಲೆ ಕೂತುಬಿಟ್ಟಿತು. ಕೂತದ್ದು ಏಳಲೇ ಇಲ್ಲ.

"ಒತ್ತಿದ್ದು ಬಿಡಿ ಸಾರ್," ಎಂದ ಮೀಟರಿನವನು.

"ಬಿಟ್ರೆ ಹಿಂದಕ್ಕೆ ಉರುಳಲ್ವೇನಯ್ಯಾ?"

"ಇದು ಡ್ರಮ್ಮು ಸಾರ್. ಎಲ್ಲಿಗೂ ಉರುಳಲ್ಲ."

ಬುದ್ಧಿಗೆ ಅರ್ಥವಾಯಿತು, ಕಾಲಿಗೆ ಆಗಲಿಲ್ಲ. ಮೀಟರಿನವನು ಬಾಯಲ್ಲಿ ತಾಳ ಹೇಳಿಕೊಡುತ್ತಿದ್ದ. ನಿಧಾನವಾಗಿ ಹೇಳಿದಷ್ಟು ಹೊತ್ತು ಮೇಷ್ಟ್ರ ಕಾಲು ಹೇಗೋ ಹೆಜ್ಜೆ ಹಾಕುತ್ತಿತ್ತು. ಅವನು ಸ್ವಲ್ಪ ವೇಗ ಹೆಚ್ಚಿಸಿದನೋ, ಕಾಲು ಗಕ್ಕನೆ ಪೆಡಲ್ ಒತ್ತಿ ಹಿಡಿದು ನಿಂತುಬಿಡುತ್ತಿತ್ತು. ಯಾರೋ ಪಕ್ಕದಲ್ಲಿ ಆತುರಪಡುತ್ತಿದ್ದಾರೆ ಎಂದರೆ ಅಪಾಯ ಬಂತೆಂದೇ ಅದರ ಲೆಕ್ಕ! ಮೇಷ್ಟ್ರು ಮೊದಲು ಸ್ಟೂಲು ಸರಿಯಿಲ್ಲ ಎಂದರು. ಸ್ಟೂಲು ಬದಲಾಯಿತು. ಪೆಡಲ್ಲಿಗೆ ಎಣ್ಣೆ ಹಾಕಿಲ್ಲ ಎಂದರು. ಎಣ್ಣೆ ಹಾಕಿದ್ದಾಯಿತು. ಕೊನೆಗೆ ಹಾಲ್‌ನ ನೆಲವೇ ಒಂದು ಕಡೆ ವಾಲಿದೆ ಎಂದರು. ಕುಣಿಯಲಾರದವರು ನೆಲ ಡೊಂಕು ಅಂದ್ರಂತೆ ಎಂದು ಅತ್ತೆ ಟಿವಿಯ ಕಡೆ ನೋಡುತ್ತಲೇ ಹೇಳಿದರು.

ಸೋಲೊಪ್ಪುವ ಜಾತಿಯಲ್ಲ ನಮ್ಮ ಮೇಷ್ಟ್ರು. ಅಭ್ಯಾಸ ಸಾಲದು ಎಂದು ತೀರ್ಮಾನಿಸಿದರು. ಕಾಲಿನ ಅಭ್ಯಾಸಕ್ಕೆ ಮನೆಯೇ ಆಗಬೇಕೆಂದು ಎಲ್ಲಿದೆ? ದಿನವಿಡೀ ಪೆಡಲ್ ಮೇಲೆಯೇ ಕಾಲಿಟ್ಟು ಕೂತಿರುತ್ತೇನಲ್ಲ! ಈ ಯೋಚನೆ ಹೊಳೆದಾಗ ಅವರಿಗೆ ತಮ್ಮ ಬುದ್ಧಿಯ ಬಗ್ಗೆ ತಮಗೇ ಗೌರವ ಮೂಡಿತು. ಮರುದಿನದಿಂದ ಕಾರಿನಲ್ಲಿ ಸಂಗೀತಾಭ್ಯಾಸ ಶುರುವಾಯಿತು.

ಆ ಹೊತ್ತಿನಲ್ಲಿ ಅವರ ಕೈಗೆ ಸಿಕ್ಕವರು ಒಬ್ಬ ನಿವೃತ್ತ ನ್ಯಾಯಾಧೀಶರು. ಬದುಕಿಡೀ ಬೇರೆಯವರು ಓಡಿಸಿದ ಕಾರಿನಲ್ಲಿ ಹಿಂದೆ ಕೂತವರು, ನಿವೃತ್ತರಾದ ಮೇಲೆ ತಾವೇ ಓಡಿಸಬೇಕೆಂದು ಬಂದಿದ್ದರು. ಹೇಳಿದ್ದನ್ನು ಹೇಳಿದ ಹಾಗೆ, ಒಂದಕ್ಷರ ಬಿಡದೆ ಕಲಿಯುವ ಮನುಷ್ಯ. ಅವರು ಗಂಭೀರವಾಗಿ ಕಾರು ನಡೆಸುತ್ತಿದ್ದರೆ, ಪಕ್ಕದಲ್ಲಿ ಮೇಷ್ಟ್ರ ಕಾಲು ದುಮ್, ದುಮ್ ದುಮ್ ಎಂದು ಬ್ರೇಕ್ ತಟ್ಟುತ್ತಿತ್ತು. ಕಾರು ಮಾರುಕಟ್ಟೆಯ ಬೀದಿಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುತ್ತ ಹೋಯಿತು. ಬಸ್ ಸ್ಟಾಪಿನಲ್ಲಿ ನಿಂತವರು ತಲೆ ಮೇಲೆ ಕೆಳಗೆ ಆಡಿಸುತ್ತ ನೋಡಿದರು.

"ಮೇಷ್ಟ್ರೇ, ಈ ಕಾರು ಯಾಕೆ ಬಿಕ್ಕಳಿಸ್ತಾ ಇದೆ?" ಎಂದು ನ್ಯಾಯಾಧೀಶರು ವಿಚಾರಣೆ ನಡೆಸಿದರು.

ಡ್ರಮ್ ಕಲಿಯುತ್ತಿದ್ದೇನೆ ಎಂದು ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೇಷ್ಟ್ರಿಗೆ ಮರ್ಯಾದೆ ಅಡ್ಡ ಬಂತು. ಇದು ಹೊಸ ಪದ್ಧತಿ, ಹೀಗೆ ತಟ್ಟುತ್ತ ಹೋದರೆ ಬ್ರೇಕ್ ಸದಾ ಎಚ್ಚರವಾಗಿರುತ್ತದೆ ಎಂದುಬಿಟ್ಟರು. ನ್ಯಾಯಾಧೀಶರು ಅದನ್ನು ಮನಸ್ಸಿನಲ್ಲಿ ದಾಖಲು ಮಾಡಿಕೊಂಡರು. ಅವರ ನಂತರ ಬಂದವರಿಗೂ ಇದೇ ಉತ್ತರ. ಒಂದು ವಾರ ಕಳೆಯುವುದರೊಳಗೆ ಆ ಸ್ಕೂಲಿನಲ್ಲಿ ಕಲಿತವರೆಲ್ಲ, ಬ್ರೇಕಿಗೆ ನಿದ್ದೆ ಹತ್ತೀತೆಂದು ಹೆದರಿ, ತಟ್ಟಿ ತಟ್ಟಿ ಎಬ್ಬಿಸುತ್ತ ಊರು ಸುತ್ತತೊಡಗಿದರು. ಬೇರೆ ಬೇರೆ ಬೀದಿಯಲ್ಲಿ ಬೇರೆ ಬೇರೆ ಕಾರುಗಳು, ತಾಳ ಮಾತ್ರ ಒಂದೇ!

ನ್ಯಾಯಾಧೀಶರ ಲೈಸೆನ್ಸ್ ಪರೀಕ್ಷೆಯ ದಿನ ಬಂತು. ಪರೀಕ್ಷಕರು ಆಗಷ್ಟೇ ಹೊಟ್ಟೆ ತುಂಬ ತಿಂಡಿ ತಿಂದು ಬಂದು ಪಕ್ಕದಲ್ಲಿ ಕೂತರು. ನ್ಯಾಯಾಧೀಶರು ಹೊಸ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದರು. ಮೈದಾನ ಒಂದು ಸುತ್ತು ಬರುವುದರೊಳಗೆ ಪರೀಕ್ಷಕರು ಬಾಯಿಗೆ ಕರವಸ್ತ್ರ ಒತ್ತಿಕೊಂಡು, ನಿಲ್ಲಿಸಿ ಎಂದು ಕೈಸನ್ನೆ ಮಾಡಿ, ಇಳಿದು ಮರದ ಹಿಂದಕ್ಕೆ ಓಡಿದರು. ವಾಪಸು ಬಂದು ನಪಾಸು ಎಂದರು. ನ್ಯಾಯಾಧೀಶರು ಬಿಡುತ್ತಾರೆಯೇ? ತಮಗೆ ಕಲಿಸಿದ್ದು ಹೀಗೆಯೇ ಎಂದು ವಾದಿಸಿ, ದೂರದಲ್ಲಿ ನಿಂತಿದ್ದ ಮೇಷ್ಟ್ರನ್ನು ಬೆರಳು ತೋರಿಸಿ ಗುರುತು ಹಿಡಿದರು. ಮೇಷ್ಟ್ರು ಹಲ್ಲಿನ ಮಧ್ಯೆ ನಾಲಿಗೆ ಕಚ್ಚಿಕೊಂಡು ನೆಲ ನೋಡಿದರು. ಅಂದು ಸಂಜೆ ಸ್ಕೂಲಿನ ಮಾಲೀಕರು ಅವರನ್ನು ಕಾರಿನಿಂದ ಇಳಿಸಿ, ಕಾಲು ಹದಕ್ಕೆ ಬರುವವರೆಗೆ ಬೋರ್ಡಿನ ಮುಂದೆ ನಿಂತು ಸಂಚಾರ ಚಿಹ್ನೆಗಳ ಪಾಠ ಮಾಡಿಕೊಂಡಿರಿ ಎಂದು ಹೇಳಿದರು.

ಈ ಅವಮಾನದ ಬಗ್ಗೆ ಮೇಷ್ಟ್ರು ಮನೆಯಲ್ಲಿ ಬಾಯಿಬಿಡಲಿಲ್ಲ. ಅವರು ಬಾಯಿಬಿಡಬೇಕಾಗಿಯೂ ಇರಲಿಲ್ಲ. ನ್ಯಾಯಾಧೀಶರ ಮನೆಯಿಂದ ನೀರಿನ ದೂರು ಹೇಳಲು ಫೋನ್ ಮಾಡಿದವರು, ನೀರಿನ ಕಥೆ ಎರಡು ಮಾತಿನಲ್ಲಿ ಮುಗಿಸಿ, ಕಾರಿನ ಕಥೆಯನ್ನು ವಿಸ್ತಾರವಾಗಿ ಹೇಳಿದ್ದರು. ಫೋನಿನ ಈ ಕಡೆ ಯಾರ ಹೆಂಡತಿ ಕೂತಿದ್ದಾಳೆ ಎಂದು ಅವರಿಗೇನು ಗೊತ್ತು? ಆಕೆ ಕೇಳಿಸಿಕೊಂಡು, ಸ್ವಲ್ಪ ತಡೀರಿ ಮೇಡಂ ಎಂದಳಂತೆ.

ವಾರ್ಷಿಕೋತ್ಸವಕ್ಕೆ ಕೆಲವೇ ದಿನ ಉಳಿದಾಗ ಗಂಡ ಹೆಂಡತಿ ಮೊದಲ ಸಲ ಒಟ್ಟಿಗೆ ಅಭ್ಯಾಸಕ್ಕೆ ನಿಂತರು. ಆಕೆ ಕಿಟಕಿಯ ಬಳಿ, ಮೇಷ್ಟ್ರು ಡ್ರಮ್ಮಿನ ಹಿಂದೆ. ಶುರು ಚೆನ್ನಾಗಿತ್ತು. ಮೊದಲ ಚರಣವೂ ಚೆನ್ನಾಗಿತ್ತು. ಮೀಟರಿನವನ ಮುಖದಲ್ಲಿ ನಗು ಕೂಡ ಕಾಣಿಸಿತು. ಎರಡನೇ ಚರಣದಲ್ಲಿ ಹಾಡು ಓಟ ಕಿತ್ತಿತು. ಗಕ್! ಕಾಲು ಪೆಡಲ್ ಒತ್ತಿ ಹಿಡಿಯಿತು. ಹಾಡು ಗೋಡೆಗೆ ಹಾಯ್ದ ಹಾಗೆ ನಿಂತಿತು. ಇನ್ನೊಮ್ಮೆ ಹಾಡಿದಳು. ಗಕ್! ಮತ್ತೊಮ್ಮೆ. ಗಕ್! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ಸಂಗೀತಕ್ಕೆ ಅಳವಡಿಸಿದ್ದೇ ಆದರೆ ಅದು ಹೀಗೆಯೇ ಇರುತ್ತಿತ್ತು.

"ನೀನು ಹಾಗೆ ಏಕಾಏಕಿ ನುಗ್ಗಿದ್ರೆ ಹೇಗೆ? ಎಲ್ಲಾದ್ರೂ ಗುದ್ದಿಬಿಡ್ತೀಯ," ಎಂದರು ಮೇಷ್ಟ್ರು.

"ಯಾರಿಗ್ರೀ ಗುದ್ದೋದು? ಹಾಡಿನಲ್ಲಿ ಎದುರಿಗೆ ಯಾರು ಬರ್ತಾರೆ?"

ಉತ್ತರ ಹೊಳೆಯದಾಗ ಗಂಡಸರು ಮಾಡುವ ಕೆಲಸವನ್ನು ಮೇಷ್ಟ್ರೂ ಮಾಡಿದರು, ಧ್ವನಿ ಏರಿಸಿದರು. ಹಾಡಿಗೂ ಒಂದು ಶಿಸ್ತು ಬೇಡವೇ, ಆ ಎರಡನೇ ಚರಣವನ್ನು ಸ್ವಲ್ಪ ನಿಧಾನವಾಗಿ ಹಾಡಿದರೆ ಗಂಟೇನು ಹೋಗುತ್ತದೆ, ಮೊದಲನೆಯದರ ಹಾಗೆಯೇ ಹಾಡಿ ಮುಗಿಸು ಎಂದು ತೀರ್ಪು ಕೊಟ್ಟರು. ಆಕೆ ಕೂಗಾಡಲಿಲ್ಲ. ಬಂದು ಸೋಫಾ ಇದ್ದ ಜಾಗದಲ್ಲಿ, ಬರಿ ನೆಲದ ಮೇಲೆ ಕೂತಳು.

"ನಾನು ದಿನವಿಡೀ ಮಂದಿಗೆ ತಡೀರಿ, ತಡೀರಿ ಅಂತ ಹೇಳೋಳು. ಮನೆಗೆ ಬಂದ್ರೆ ನೀವು ನನಗೆ ನಿಧಾನ, ನಿಧಾನ ಅಂತೀರಿ. ಆ ಎರಡನೇ ಚರಣ ಇದೆಯಲ್ಲ, ಅಷ್ಟು ಹೊತ್ತು ಮಾತ್ರ ನಾನು ಯಾರಿಗೂ ತಡೀರಿ ಅನ್ನಲ್ಲ, ಯಾರೂ ನನಗೆ ತಡಿ ಅನ್ನಲ್ಲ. ಅದಕ್ಕೇ ಆ ಹಾಡು ಆರಿಸ್ಕೊಂಡಿದ್ದು. ನೀವು ಕೆಟ್ಟದಾಗಿ ಬಾರಿಸಿದ್ರೂ ಪರವಾಗಿಲ್ಲ, ನಿಲ್ಲಿಸ್ಬೇಡಿ."

ಮೀಟರಿನವನು ತನ್ನ ಬ್ಯಾಂಡೇಜನ್ನು ಬಹಳ ಆಸಕ್ತಿಯಿಂದ ನೋಡಿಕೊಂಡ. ಅತ್ತೆ ಟಿವಿ ಆರಿಸಿದರು. ಮೇಷ್ಟ್ರಿಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು, ಕಣ್ಣಂಚು ಒದ್ದೆಯಾಗುವಷ್ಟು. ಇನ್ನು ಮುಂದೆ ನಿಲ್ಲಿಸಿದರೆ ನನ್ನ ಹೆಸರು ಬದಲಾಯಿಸು ಎಂದು ಆಣೆ ಇಟ್ಟರು. ಮನಸ್ಸು ಆಣೆ ಇಟ್ಟಿತು ಸರಿ, ಕಾಲನ್ನು ಯಾರು ಕೇಳಿದ್ದರು?

ಹುಟ್ಟುಗುಣ ಸುಟ್ಟರೂ ಹೋಗದು, ಆದ್ದರಿಂದ ಸುಡುವುದು ಬೇಡ, ಕಟ್ಟಿಹಾಕೋಣ ಎಂದು ಮೀಟರಿನವನು ಉಪಾಯ ಹೇಳಿದ. ಬಲಗಾಲನ್ನು ಟವೆಲಿನಿಂದ ಸ್ಟೂಲಿನ ಕಾಲಿಗೆ ಬಿಗಿದು, ಪೆಡಲ್ಲನ್ನು ಎಡಗಾಲಿಗೆ ಕೊಟ್ಟ. ಎಡಗಾಲು ಪಾಪ ಕ್ಲಚ್ಚಿನದು. ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡುವುದಷ್ಟೇ ಅದಕ್ಕೆ ಗೊತ್ತು. 'ದುಮ್' ಅನ್ನುವ ಕಡೆ 'ದುಸ್' ಎಂದಿತು. ಎಂದರೂ ನಿಲ್ಲಲಿಲ್ಲ, ಅದೇ ದೊಡ್ಡದು! ಹಾಡು ಮೊದಲ ಸಲ ಕೊನೆ ಮುಟ್ಟಿತು. ಮತ್ತೆ ಹಾಡಿದರು, ಮತ್ತೆ ಮುಟ್ಟಿತು. ಹೆಂಡತಿ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಗುನುಗುತ್ತ ಓಡಾಡತೊಡಗಿದಳು. ಮೇಷ್ಟ್ರಿಗೆ ಜಂಭ ಮರುಕಳಿಸಿತು. ಎಡಗಾಲಿನಲ್ಲಿ ಬಾರಿಸುವವರು ಕೋಟಿಗೊಬ್ಬರಂತೆ ಎಂದು ಸಂಚಾರ ಚಿಹ್ನೆಗಳ ಪಾಠದ ನಡುವೆ ಕಲಿಯುವವರಿಗೆ ತಿಳಿಸಿದರು.

ವಾರ್ಷಿಕೋತ್ಸವದ ಸಂಜೆ. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ನಟ್ಟ ನಡುವೆ ಮುಖ್ಯ ಇಂಜಿನಿಯರ್ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಭಾಷಣಗಳು ಮುಗಿದವು, ಬಹುಮಾನಗಳು ಮುಗಿದವು, ಸಮೂಹಗಾನವೂ ಮುಗಿದು ಉಗ್ರಾಣದ ಅಧಿಕಾರಿ ತಮ್ಮ ಬೆನ್ನಿನ ಸಮೇತ ಕೆಳಗಿಳಿದರು. ಆಮೇಲೆ ಹೆಂಡತಿ ಬಂದು ಮೈಕಿನ ಮುಂದೆ ನಿಂತಳು. ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಆಕೆಯ ಒಂದು ಪಕ್ಕ ಕೀಬೋರ್ಡಿನವನು, ಇನ್ನೊಂದು ಪಕ್ಕ ಗಿಟಾರಿನವನು, ಹಿಂದೆ ಮೇಷ್ಟ್ರು. ಟವೆಲ್ ಕಾಣದಿರಲಿ ಎಂದು ಮೀಟರಿನವನು ಮುಂದೆ ಎರಡು ಹೂಕುಂಡ ಇಟ್ಟಿದ್ದ.

ಹಾಡು ಶುರುವಾಯಿತು. ದೂರಿನ ಫೋನಿನಲ್ಲಿ ಬರಿ 'ತಡೀರಿ' ಕೇಳಿದ್ದ ಜನ ಈ ಧ್ವನಿ ಕೇಳಿ ನೆಟ್ಟಗೆ ಕೂತರು. ಮೊದಲ ಚರಣ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಮೇಷ್ಟ್ರು ಸುಮ್ಮನಿರಲಾರದೆ ಡ್ರಮ್ಮಿನ ಪಕ್ಕ ಕಂಬಿಗೆ ಸಿಕ್ಕಿಸಿದ್ದ ಹಿತ್ತಾಳೆ ತಟ್ಟೆಗೆ ಎರಡು ಏಟು ಹೆಚ್ಚಿಗೇ ಹಾಕಿದರು. ಸಭೆಯಲ್ಲಿ ಯಾರೋ ತಲೆದೂಗಿದರು. ನನಗೇ ತಲೆದೂಗಿದ್ದು ಎಂದುಕೊಂಡರು.

ಎರಡನೇ ಚರಣ ಬಂತು. ಆಕೆ ಓಡಿದಳು. ಮನೆಯಲ್ಲಿ ಹಾಡಿದಷ್ಟಲ್ಲ, ಅದರ ಎರಡರಷ್ಟು! ತುಂಬಿದ ಸಭೆ, ಬೆಳಕು, ಎದುರಿಗೆ ಖಾಲಿ ದಾರಿ. ಇಷ್ಟು ವರ್ಷ ಒಳಗೆ ಅದುಮಿಟ್ಟದ್ದೆಲ್ಲ ಒಟ್ಟಿಗೆ ಹೊರಟಿತು. ಮೇಷ್ಟ್ರ ಬಲಗಾಲು ಟವೆಲಿನೊಳಗೆ ಕೊಸರಾಡಿತು. ಬೇಡ, ಬೇಡ, ಎಂದು ಮೇಷ್ಟ್ರು ಅದಕ್ಕೆ ಮನಸ್ಸಿನಲ್ಲೇ ಕೈಮುಗಿದರು. ಆಕೆ ಇನ್ನೂ ಮೇಲಿನ ಸ್ವರಕ್ಕೆ ಜಿಗಿದಳು. ಟವೆಲ್ ಪರ್ ಎಂದು ಹರಿಯಿತು. ಬಲಗಾಲು ಬಂದು ಪೆಡಲ್ ಮೇಲೆ ಎಡಗಾಲನ್ನೂ ಸೇರಿಸಿಕೊಂಡೇ ತುಳಿಯಿತು. ಕ್ಲಚ್ಚೂ ಬ್ರೇಕೂ ಒಟ್ಟಿಗೆ! ಕೈಗಳಾದರೂ ಸುಮ್ಮನಿರಬೇಡವೇ? ಅವು ಸ್ಟಿಕ್ ಬಿಸಾಡಿ ಸ್ಟೇರಿಂಗ್ ಹಿಡಿಯಲು ಧಾವಿಸಿದವು. ಸ್ಟೇರಿಂಗ್ ಎಲ್ಲಿದೆ? ಹಿತ್ತಾಳೆ ತಟ್ಟೆ ಸಿಕ್ಕಿತು, ಅದನ್ನೇ ಎರಡೂ ಕೈಯಲ್ಲಿ ಗಟ್ಟಿಯಾಗಿ ತಬ್ಬಿ ಹಿಡಿದವು. ಡ್ರಮ್ ನಿಂತದ್ದು ಕಂಡು ಕೀಬೋರ್ಡಿನವನು ಗಾಬರಿಯಾಗಿ ಕೈ ಎತ್ತಿದ. ಅವನನ್ನು ಕಂಡು ಗಿಟಾರಿನವನೂ ಎತ್ತಿದ. ಅರೆಕ್ಷಣದಲ್ಲಿ ವೇದಿಕೆಯ ಮೇಲೆ ಒಂದು ತಂತಿಯ ಸದ್ದೂ ಇಲ್ಲ.

ಆಕೆ ಒಬ್ಬಳು ನಿಲ್ಲಲಿಲ್ಲ.

ತಿರುಗಿ ಕೂಡ ನೋಡಲಿಲ್ಲ. ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂಬ ಚಿಂತೆಯೇ ಇಲ್ಲದೆ ಅದೇ ಓಟದಲ್ಲಿ ಚರಣ ಪೂರ್ತಿ ಹಾಡಿದಳು. ವಾದ್ಯದ ಗದ್ದಲ ಸರಿದ ಮೇಲೆ ಆ ಧ್ವನಿ ಇನ್ನಷ್ಟು ನಿಚ್ಚಳವಾಗಿ ಸಭಾಂಗಣದ ಕೊನೆಯ ಕುರ್ಚಿಯವರೆಗೆ ಹೋಯಿತು. ಮೇಷ್ಟ್ರು ತಟ್ಟೆ ತಬ್ಬಿಕೊಂಡೇ ಕೇಳಿದರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರು ಕಾಲಿನ ಗೊಡವೆ ಬಿಟ್ಟು ಹೆಂಡತಿಯ ಹಾಡನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಕೊನೆಯ ಸ್ವರ ಮುಟ್ಟಿ ಆಕೆ ನಿಲ್ಲಿಸಿದಾಗ ಎದ್ದ ಚಪ್ಪಾಳೆಗೆ ಹೂಕುಂಡಗಳು ನಡುಗಿದವು.

ಮೇಷ್ಟ್ರು ಪರದೆಯ ಹಿಂದೆ, ಹರಿದ ಟವೆಲ್ ಹಿಡಿದು, ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಯಾವ ಮಾತಿನಿಂದ ಕ್ಷಮೆ ಕೇಳುವುದೆಂದು ಬಾಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಹೆಂಡತಿ ಬಂದಳು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ ಮುಖ್ಯ ಇಂಜಿನಿಯರ್ ಸಾಹೇಬರೇ ಪರದೆ ಸರಿಸಿಕೊಂಡು ಒಳಗೆ ಬಂದು, ಹಾಡಿದವಳನ್ನು ಬಾಯ್ತುಂಬ ಹೊಗಳಿ, ಮೇಷ್ಟ್ರ ಕೈ ಹಿಡಿದು ಕುಲುಕಿದರು.

"ಏನ್ರೀ, ಎಂಥಾ ಜಾಗದಲ್ಲಿ ನಿಲ್ಲಿಸಿದ್ರಿ! ಎಲ್ಲಾರೂ ಬಾರಿಸ್ತಾರೆ. ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರೋರನ್ನ ನಾನು ಇವತ್ತೇ ನೋಡಿದ್ದು."

ಕ್ಷಮೆಯ ಮಾತುಗಳು ಮೇಷ್ಟ್ರ ಬಾಯಿಂದ ಎತ್ತಲೋ ಹಾರಿಹೋದವು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಟವೆಲ್ ಹೆಗಲೇರಿತು.

"ಅದು ಹೇಳ್ಕೊಟ್ಟು ಬರೋದಲ್ಲ ಸಾರ್, ಅನುಭವ," ಎಂದರು.

ಹೆಂಡತಿ ಒಂದು ಸಲ ಅವರ ಮುಖ ನೋಡಿದಳು, ಒಂದು ಸಲ ಹೆಗಲ ಮೇಲಿನ ಟವೆಲ್ ನೋಡಿದಳು. ಮೀಟರಿನವನು ಕುಂಟುತ್ತ ಹೋಗಿ ಡ್ರಮ್ಮಿನ ಮರೆಯಲ್ಲಿ ನಿಂತು ನಕ್ಕ. ಸಾಹೇಬರು ಇನ್ನೂ ಹುರುಪಿನಲ್ಲೇ ಇದ್ದರು. ಮುಂದಿನ ವರ್ಷವೂ ಈಕೆಯೇ ಹಾಡಬೇಕು, ಅದು ಆಗಲೇ ನಿರ್ಧಾರವಾಗಿದೆ ಎಂದು ಹೇಳಿ, ಮೇಷ್ಟ್ರ ಬೆನ್ನು ತಟ್ಟಿ, ಡ್ರಮ್ಮಿಗೆ ಇವರೂ ಬರುತ್ತಾರಲ್ಲವೇ ಎಂದು ಆಕೆಯನ್ನು ಕೇಳಿದರು.

"ಬರ್ತಾರೆ ಸಾರ್," ಎಂದಳು ಹೆಂಡತಿ. "ಮುಂದಿನ ವರ್ಷ ಇನ್ನೂ ಚೆನ್ನಾಗಿ ಮಾಡ್ತಾರೆ. ಶುರು ಮಾಡೋಕ್ಕೆ ಮುಂಚೆನೇ ನಿಲ್ಲಿಸ್ತಾರೆ."